ವರಮಹಾಲಕ್ಷ್ಮಿಗೆ ಕುಚ್ಚು, ಬಾಗಿಲಿಗೆ ತೋರಣ, ಮಗೂಗೆ ಕುಲಾವಿ: ಉಲ್ಲನ್ ಗಿಫ್ಟು ಗ್ರಾಂ ಲೆಕ್ಕದಲ್ಲಿ

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಗೆ ಬರೋ ಹೆಂಗಸ್ರಿಗೆ ಅರಿಶಿನ ಕುಂಕುಮ ರವಿಕೆ ಕಣದ ಜೊತೆ ನನ್ನ ಕೈಯಾರೆ ಮಾಡಿದ್ದು ಏನಾದ್ರೂ ಕೊಡ್ಬೇಕು ಅಂತ ತುಂಬಾ ಆಸೆ ಇತ್ತು, 25 ಜನ, ರವಿಕೆ ಕಣದ ಖರ್ಚು ಬಿಟ್ಟು ಎಲ್ಲರಿಗೂ ಸೇರಿ 200 ರೂಪಾಯಿ ಒಳಗೆ ಆಗ್ಬೇಕು ಅಂತ ಮನಸ್ಸಲ್ಲಿ ಗೆರೆ ಎಳ್ಕೊಂಡಿದ್ದೆ. ಪ್ರತಿ ವರ್ಷ ಪ್ಲಾಸ್ಟಿಕ್ ಡಬ್ಬಿನೋ ಸ್ಟೀಲ್ ಬಟ್ಲೋ ಕೊಟ್ಟು ಕೊಟ್ಟು ಸಾಕಾಗಿತ್ತು. ಬೀರು ಮೇಲಿದ್ದ ಹಳೇ ಉಲ್ಲನ್ ಚೀಲ ಕೆಳಗಿಳಿಸಿ ಸುಮ್ನೆ ಅಡುಗೆಮನೆ ತಕ್ಕಡಿ ಮೇಲೆ ಇಟ್ಟೆ, 740 ಗ್ರಾಂ ತೋರಿಸ್ತು. ಅವತ್ತಿಂದ ನಾನು ಉಲ್ಲನ್ ಕೆಲ್ಸ ಮಾಡೋ ರೀತಿನೇ ಬದಲಾಯ್ತು. ಅಲ್ಲೀ ತನಕ ಎಷ್ಟು ಉಂಡೆ ಬೇಕು ಅಂತ ಕಣ್ಣಳತೆಲಿ ಹೇಳ್ತಿದ್ದೆ, ಯಾವಾಗ್ಲೂ ಜಾಸ್ತಿನೇ ತರ್ತಿದ್ದೆ, ಉಳಿದಿದ್ದು ಚೀಲಕ್ಕೆ ಹೋಗ್ತಿತ್ತು. ಉಲ್ಲನ್ ಕೆಲ್ಸದಲ್ಲಿ ದುಡ್ಡು ಪೋಲಾಗೋದು ಇಲ್ಲೇ, ಅಗ್ಗದ ದಾರ ಹುಡುಕ್ಕೊಂಡು ಅಲೆಯೋದ್ರಿಂದ ಉಳಿಯೋದಕ್ಕಿಂತ ತೂಕ ಹಾಕಿ ತರೋದ್ರಿಂದ ಉಳಿಯೋದು ಜಾಸ್ತಿ.

ಲೆಕ್ಕ ತುಂಬಾ ಸುಲಭ. ನಾವು ಅಂಗಡೀಲಿ ತಗೊಳ್ಳೋ ಮಾಮೂಲಿ 4 ಪ್ಲೈ (ನಾಲ್ಕೆಳೆ ಹೊಸೆದ) ಉಲ್ಲನ್ 20 ಮೀಟರ್ ಅಳೆದು ತೂಕ ಹಾಕಿ, ನನ್ನ ಹತ್ರ ಇರೋದು 8 ಗ್ರಾಂ ಬಂತು, ಅಂದ್ರೆ ಒಂದು ಗ್ರಾಂಗೆ ಎರಡೂವರೆ ಮೀಟರ್. ನಿಮ್ಮ ದಾರ ಸ್ವಲ್ಪ ದಪ್ಪ ಇದ್ರೆ ಎರಡೇ ಮೀಟರ್ ಬರ್ಬಹುದು, ತೆಳ್ಳಗಿದ್ರೆ ಮೂರು. ಆಮೇಲೆ ಯಾವ ಐಟಂ ಮಾಡ್ಬೇಕೋ ಅದರದ್ದು ಒಂದೇ ಒಂದು ಸ್ಯಾಂಪಲ್ ಮಾಡಿ, ಮಾಡೋಕೆ ಮುಂಚೆ ಉಂಡೆ ತೂಕ, ಮಾಡಿದ ಮೇಲೆ ಉಂಡೆ ತೂಕ, ವ್ಯತ್ಯಾಸ ಬರ್ಕೊಳ್ಳಿ, ಎಷ್ಟು ಪೀಸ್ ಬೇಕೋ ಅಷ್ಟರಿಂದ ಗುಣಿಸಿ, ಮೇಲೆ ಹತ್ತು ಪರ್ಸೆಂಟ್ ಸೇರಿಸಿ. ಅಷ್ಟೇ ತನ್ನಿ. ಕುಚ್ಚು ಥರ ಚಿಕ್ಕ ವಸ್ತು ಆದ್ರೆ ಒಂದು ಮಾಡಿದ್ರೆ ತಕ್ಕಡಿಗೆ ಗೊತ್ತಾಗಲ್ಲ, ಐದು ಮಾಡಿ ಐದರಿಂದ ಭಾಗಿಸಿ.

ದಾರದ ವಿಷ್ಯ ಒಂದೆರಡು ಮಾತು ಹೇಳ್ಲೇಬೇಕು. ನಾವೆಲ್ಲಾ ಉಲ್ಲನ್ ಉಲ್ಲನ್ ಅಂತೀವಿ ಆದ್ರೆ ಫ್ಯಾನ್ಸಿ ಸ್ಟೋರಲ್ಲಿ ಸಿಗೋದು ಬಹುಪಾಲು ಆಕ್ರಿಲಿಕ್ ಅನ್ನೋ ಕೃತಕ ದಾರ, ಕುರಿ ಉಣ್ಣೆ ಅಲ್ಲ, ಲೂಧಿಯಾನಾ ಕಡೆ ಮಿಲ್ಲುಗಳಿಂದ ಬರೋದೇ ಹೆಚ್ಚು. ಅನುಮಾನ ಇದ್ರೆ ಎರಡಿಂಚು ತುಂಡು ಇಕ್ಕಳದಲ್ಲಿ ಹಿಡ್ಕೊಂಡು ಸಿಂಕ್ ಹತ್ರ ಸುಟ್ಟು ನೋಡಿ, ನಿಜವಾದ ಉಣ್ಣೆ ಆದ್ರೆ ಕೂದ್ಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿ ಆಗುತ್ತೆ, ಆಕ್ರಿಲಿಕ್ ಆದ್ರೆ ಕರಗಿ ಕಪ್ಪು ಗಟ್ಟಿ ಮಣಿ ಥರ ಆಗುತ್ತೆ. ಆಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಕಮ್ಮಿ ರೇಟು, ಬಣ್ಣ ಚೆನ್ನಾಗಿರುತ್ತೆ, ಒಗೆಯೋದು ಸುಲಭ, ನುಸಿ ಹಿಡಿಯಲ್ಲ. ಆದ್ರೆ ಬಿಸಿಗೆ ಆಗಲ್ಲ. ಇಸ್ತ್ರಿ ಇಟ್ರೆ ಶಾಶ್ವತವಾಗಿ ಜೋತು ಬೀಳುತ್ತೆ, ಬಿಸಿ ಪಾತ್ರೆ ಕೆಳಗೆ ಇಡೋ ಮ್ಯಾಟ್, ಪಾತ್ರೆ ಹಿಡಿಯೋ ಬಟ್ಟೆ ಇಂಥದ್ದಕ್ಕೆಲ್ಲಾ ಕಾಟನ್ ದಾರನೇ ಬೇಕು, ಇದ್ರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ, ಕೈ ಸುಟ್ಕೊಳ್ಳೋ ವಿಷ್ಯ.

ಕೊನೇ ಸಲ ನಾನು ತಗೊಂಡಾಗ 100 ಗ್ರಾಂಗೆ 80 ರೂಪಾಯಿ ಬಿತ್ತು, ನಿಮ್ಮೂರಲ್ಲಿ ಹೆಚ್ಚು ಕಮ್ಮಿ ಇರುತ್ತೆ. ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಗಲ್ಲಿಗಳಲ್ಲಿ ಹುಡುಕಿ ತರ್ತೀನಿ, ಆದ್ರೆ 150 ಗ್ರಾಂ ದಾರಕ್ಕೋಸ್ಕರ ಬಸ್ ಚಾರ್ಜ್ ಕೊಟ್ಟು ಹೋಗೋದ್ರಲ್ಲಿ ಅರ್ಥ ಇಲ್ಲ, ನಿಮ್ಮ ಬೀದಿ ಮ್ಯಾಚಿಂಗ್ ಸೆಂಟರಲ್ಲೇ ಕೇಳಿ. ಒಂದು ಕೆಲ್ಸಕ್ಕೆ ಬೇಕಾದಷ್ಟನ್ನ ಒಂದೇ ಸಲ ತನ್ನಿ, ಲೇಬಲ್ ಮೇಲೆ ಶೇಡ್ ನಂಬರ್ ಪಕ್ಕದಲ್ಲಿ ಲಾಟ್ ನಂಬರ್ (ಯಾವ ಸಲ ಬಣ್ಣ ಹಾಕಿದ್ದು ಅನ್ನೋ ಗುರುತು) ಅಂತ ಇರುತ್ತೆ, ಎಲ್ಲಾ ಉಂಡೆಗೂ ಎರಡೂ ನಂಬರ್ ಒಂದೇ ಇದೆಯಾ ನೋಡ್ಕೊಳ್ಳಿ. ಶೇಡ್ ಒಂದೇ ಇದ್ದು ಲಾಟ್ ಬೇರೆ ಆದ್ರೆ ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಏನೂ ಗೊತ್ತಾಗಲ್ಲ, ಹಗಲು ಬೆಳಕಲ್ಲಿ ಹಿಡಿದ್ರೆ ಅರ್ಧ ತೋರಣ ಒಂದು ಹಸಿರು, ಇನ್ನರ್ಧ ಇನ್ನೊಂದು ಹಸಿರು. ನನಗೆ ಹೀಗೆ ಆಗಿ ಒಂದು ಪೂರ್ತಿ ತೋರಣ ಬಿಚ್ಚಿ ಮತ್ತೆ ಹೆಣೆದಿದ್ದೀನಿ.

ಕ್ರೋಶಾ ಕಡ್ಡಿ, ಅಂದ್ರೆ ತುದೀಲಿ ಕೊಕ್ಕೆ ಇರೋ ಹೆಣಿಗೆ ಕಡ್ಡಿ, ಒಂದೇ ಸಾಕು, 4 ಪ್ಲೈಗೆ 3.5 ಇಲ್ಲಾ 4 ಎಂಎಂ. ಹತ್ತು ಹನ್ನೆರಡು ಕಡ್ಡಿ ಇರೋ ಸೆಟ್ ನೋಡಿ ಆಸೆ ಪಡ್ಬೇಡಿ. ಹೊಸದಾಗಿ ಕಲಿಯೋರು ಮಾಡೋ ತಪ್ಪು ಏನಂದ್ರೆ ಅಮ್ಮನ ಪೆಟ್ಟಿಗೇಲಿರೋ ಸಣ್ಣ ಸ್ಟೀಲ್ ಕಡ್ಡಿ ತಗೊಂಡು ಉಲ್ಲನ್ ಹೆಣೆಯೋಕೆ ಕೂತ್ಕೊಳ್ಳೋದು, ಅದು ಸಣ್ಣ ಕಾಟನ್ ದಾರದಲ್ಲಿ ಲೇಸು ಹಾಕೋ ಕಡ್ಡಿ, ಉಲ್ಲನ್ನು ಅದ್ರಲ್ಲಿ ಸಿಕ್ಕಿ ಸೀಳುತ್ತೆ, ಎರಡು ದಿನಕ್ಕೆ ಬೇಜಾರಾಗಿ ಬಿಟ್ಟೇಬಿಡ್ತಾರೆ. ಕಡ್ಡಿ ಬಿಟ್ರೆ ಕಣ್ಣು ದೊಡ್ಡದಿರೋ ದಪ್ಪ ಸೂಜಿ, ಕತ್ರಿ, ಹಳೇ ರಟ್ಟು. ಅಷ್ಟೇ ಸಾಮಾನು.

ಇನ್ನು ಆ 25 ಜನಕ್ಕೆ ನಾನು ಕೊಟ್ಟಿದ್ದು ಏನು ಅಂತ ಹೇಳ್ತೀನಿ, ಇದಕ್ಕೆ ಕ್ರೋಶಾ ಬರ್ಲೇಬೇಕು ಅಂತಿಲ್ಲ. ರವಿಕೆ ಕಣ ಮಡಚಿ ಸುತ್ತಿ ಅದಕ್ಕೆ ಕೈಯಲ್ಲಿ ಹೊಸೆದ ಹುರಿ ಕಟ್ಟಿ ಹುರಿಯ ಎರಡೂ ತುದೀಲಿ ಒಂದೊಂದು ಕುಚ್ಚು. ಬ್ಲೌಸ್ ಹೊಲಿಸಿದಾಗ ಅದೇ ಹುರಿನ ಬೆನ್ನಿಗೆ ಕಟ್ಟೋಕೆ ಹಾಕಿಸ್ಕೋಬಹುದು, ಅಂದ್ರೆ ಕಟ್ಟಿಕೊಟ್ಟ ದಾರನೇ ಗಿಫ್ಟು, ಬಿಸಾಕೋದು ಏನೂ ಇಲ್ಲ. ಮಾಡೋದು ಹೀಗೆ: 1.7 ಮೀಟರ್ ಉದ್ದದ ನಾಲ್ಕು ಎಳೆ ಕತ್ತರಿಸಿ, ಒಂದು ತುದಿ ಗಂಟು ಹಾಕಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ ದಾರ ಬಿಗಿಯಾಗಿ ಎಳೆದು ಹಿಡ್ಕೊಂಡು ಪೆನ್ಸಿಲ್ ಒಂದೇ ದಿಕ್ಕಿಗೆ ತಿರುಗಿಸ್ತಾ ಹೋಗಿ. ಸ್ವಲ್ಪ ಸಡಿಲ ಬಿಟ್ಟಾಗ ದಾರ ತಾನೇ ಸುರುಳಿ ಸುತ್ತಿಕೊಳ್ಳೋಕೆ ಶುರು ಮಾಡಿದ್ರೆ ಸಾಕು ಅಂತ ಅರ್ಥ. ಆಗ ಮಧ್ಯಕ್ಕೆ ಬೆರಳಿಟ್ಟು ಎರಡು ತುದಿ ಒಟ್ಟಿಗೆ ಸೇರಿಸಿ, ನಿಧಾನಕ್ಕೆ ಬೆರಳು ಬಿಡಿ, ಎರಡೂ ಭಾಗ ತಾವೇ ಒಂದಕ್ಕೊಂದು ಹೊಸ್ಕೊಂಡು ಬಿಗಿ ಹುರಿ ಆಗುತ್ತೆ, ಉದ್ದ ಸುಮಾರು 70 ಸೆಂಟಿಮೀಟರ್ ಬರುತ್ತೆ. ಇದಕ್ಕೆ ಎರಡು ಜನ ಇದ್ರೆ ಬೇಗ ಆಗುತ್ತೆ, ಮಕ್ಕಳಿಗೆ ಪೆನ್ಸಿಲ್ ತಿರುಗಿಸೋ ಕೆಲ್ಸ ಕೊಡಿ ಖುಷಿಯಿಂದ ಮಾಡ್ತಾರೆ.

ಕುಚ್ಚಿಗೆ 5 ಸೆಂಟಿಮೀಟರ್ ಅಗಲದ ರಟ್ಟಿನ ಮೇಲೆ 25 ಸುತ್ತು ಸುತ್ತಿ, ಮೇಲಿನ ಅಂಚಲ್ಲಿ ಹುರಿ ತುದಿ ತೂರಿಸಿ ಗಟ್ಟಿಯಾಗಿ ಗಂಟು ಹಾಕಿ, ಕೆಳಗಿನ ಅಂಚು ಕತ್ತರಿಸಿ, ಮೇಲಿಂದ ಒಂದು ಸೆಂಟಿಮೀಟರ್ ಕೆಳಗೆ ಜರಿ ದಾರನೋ ಬೇರೆ ಬಣ್ಣದ ದಾರನೋ ಏಳೆಂಟು ಸುತ್ತು ಸುತ್ತಿ ಗಂಟನ್ನ ಸೂಜೀಲಿ ಒಳಗೆ ಎಳ್ಕೊಳ್ಳಿ. ಸೀರೆ ಕುಚ್ಚು ಕಟ್ಟೋಕೆ ಬರೋರಿಗೆ ಇದು ಹೇಳ್ಕೊಡೋದೇ ಬೇಡ, ಅದೇ ಕೈ. ಹುರಿಗೆ ಮೂರು ಗ್ರಾಂ ಹತ್ರ, ಎರಡು ಕುಚ್ಚಿಗೆ ಎರಡು ಗ್ರಾಂ, ಒಟ್ಟು 5 ಗ್ರಾಂ, 25 ಜನಕ್ಕೆ 125 ಗ್ರಾಂ. ಹಬ್ಬಕ್ಕೆ ಮರೂನ್ ಮತ್ತೆ ಅರಿಶಿನ ಬಣ್ಣನೇ ಬೇಕು ಅಂತ ನಾನು 150 ಗ್ರಾಂ ಹೊಸದು ತಂದೆ, 120 ರೂಪಾಯಿ ಆಯ್ತು, ಗೆರೆಯೊಳಗೇ ಮುಗೀತು. ಟೈಮ್ ಮಾತ್ರ ಲೆಕ್ಕಕ್ಕೆ ಇಟ್ಕೊಳ್ಳಿ, ಒಂದಕ್ಕೆ 20 ನಿಮಿಷ ಅಂದ್ರೂ 25ಕ್ಕೆ ಎಂಟು ಗಂಟೆ ಮೇಲೆ ಆಗುತ್ತೆ, ನಾನು ನಾಲ್ಕು ಸಂಜೆ ಕೂತು ಮಾಡಿದೆ, ಹಬ್ಬದ ಹಿಂದಿನ ದಿನಕ್ಕೆ ಇಟ್ಕೊಂಡ್ರೆ ಹೋಳಿಗೆ ಮಾಡ್ತೀರೋ ಕುಚ್ಚು ಕಟ್ತೀರೋ.

ಈಗ ಬಾಗಿಲ ತೋರಣ. ಇದು ನನಗೆ ಅತಿ ಇಷ್ಟದ ಕೆಲ್ಸ, ಗೃಹಪ್ರವೇಶಕ್ಕೆ ಇದಕ್ಕಿಂತ ಒಳ್ಳೆ ಗಿಫ್ಟು ಇಲ್ಲ ಅಂತ ನಾನು ನಂಬಿದ್ದೀನಿ, ಮನೆಯವರು ಪ್ರತಿ ದಿನ ಅದರ ಕೆಳಗೇ ಓಡಾಡ್ತಾರಲ್ಲ. ಮಾವಿನೆಲೆ ಹೆಣೆಯೋದಕ್ಕೆ 19 ಚೈನ್ (ಸರಪಳಿ ಕುಣಿಕೆ) ಹಾಕಿ. ಕಡ್ಡಿ ಪಕ್ಕದ ಒಂದು ಚೈನ್ ಬಿಟ್ಟು ಎರಡನೇದರಿಂದ ಶುರು ಮಾಡಿ: 2 ಸಿಂಗಲ್ ಕ್ರೋಶಾ (ಗಿಡ್ಡ ಕಂಬ), 2 ಹಾಫ್ ಡಬಲ್ (ಮಧ್ಯಮ ಕಂಬ), 10 ಡಬಲ್ (ಉದ್ದ ಕಂಬ), 2 ಹಾಫ್ ಡಬಲ್, 2 ಸಿಂಗಲ್, ಒಂದು ಚೈನಿಗೆ ಒಂದರಂತೆ ಒಟ್ಟು 18. ಇಲ್ಲಿಗೆ ಎಲೆ ತುದಿ ಬಂತು. ಅಲ್ಲಿ 2 ಚೈನ್ ಹಾಕಿದ್ರೆ ಚೂಪಾಗುತ್ತೆ, ಈಗ ಎಲೆನ ತಿರುಗಿಸಿ ಅದೇ ಚೈನುಗಳ ಇನ್ನೊಂದು ಬದೀಲಿ ಅದೇ ಲೆಕ್ಕದಲ್ಲಿ 18 ಹಾಕ್ತಾ ವಾಪಸ್ ಬನ್ನಿ, ಒಂದು ಸ್ಲಿಪ್ ಸ್ಟಿಚ್ (ಎತ್ತರ ಬರದ ಹಾಗೆ ಸೇರಿಸೋ ಕುಣಿಕೆ) ಹಾಕಿ, ಎಲೆನ ಪಟ್ಟಿಗೆ ಹೊಲಿಯೋಕೆ 15 ಸೆಂಟಿಮೀಟರ್ ದಾರ ಬಿಟ್ಟು ಕತ್ತರಿಸಿ. ಶುರುವಿನ ತುಂಡು ದಾರ ಎಲೆ ತುದೀಲೇ ಇರುತ್ತೆ, ಎರಡನೇ ಬದಿ ಹೆಣೆಯುವಾಗ್ಲೇ ಅದನ್ನ ಒಳಗೆ ಸೇರಿಸ್ಕೊಂಡು ಹೋದ್ರೆ ಆ ತುಂಡಿಗೆ ಆಮೇಲೆ ಸೂಜಿ ಕೆಲ್ಸ ಇರಲ್ಲ, ಇಪ್ಪತ್ತೊಂದು ಎಲೆಗೆ ಇಪ್ಪತ್ತೊಂದು ಸಲ ಅದಕ್ಕೇ ಅಂತ ಸೂಜಿ ಹಿಡಿಯೋದು ತಪ್ಪುತ್ತೆ ನೋಡಿ. ಎಲೆ ಸುಮಾರು 9 ಸೆಂಟಿಮೀಟರ್ ಉದ್ದ, ತೂಕ ಒಂದು ಗ್ರಾಂ ಆಸುಪಾಸು.

ವಿಡಿಯೋ ನೋಡಿ ಕಲಿಯೋರಿಗೆ ಒಂದು ಗೊಂದಲ ಆಗೇ ಆಗುತ್ತೆ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನೋದನ್ನ ಬ್ರಿಟನ್‌ನವರು ಡಬಲ್ ಅಂತಾರೆ, ಅಮೆರಿಕದವರ ಡಬಲ್ ಬ್ರಿಟನ್ ಕ್ರಮದಲ್ಲಿ ಟ್ರೆಬಲ್. ನಾನು ಮೇಲೆ ಬರ್ದಿರೋದು ಅಮೆರಿಕದ ಲೆಕ್ಕ. ಯಾವುದೇ ಪ್ಯಾಟರ್ನಲ್ಲಿ ಸಿಂಗಲ್ ಕ್ರೋಶಾ ಅನ್ನೋ ಪದ ಇದ್ರೆ ಅದು ಅಮೆರಿಕದ್ದು ಅಂತ ತಿಳ್ಕೊಳ್ಳಿ, ಈಗಿನ ಬ್ರಿಟನ್ ಕ್ರಮದಲ್ಲಿ ಆ ಹೆಸರಿನ ಸ್ಟಿಚ್ಚೇ ಇಲ್ಲ. ನಮ್ಮಮ್ಮ ಇದ್ಯಾವುದೂ ಇಲ್ದೆ ಗಿಡ್ಡ ಕಂಬ ಉದ್ದ ಕಂಬ ಅಂತಲೇ ಹೇಳ್ಕೊಟ್ಟಿದ್ದು, ಈಗ್ಲೂ ನನ್ನ ಮನಸ್ಸಲ್ಲಿ ಲೆಕ್ಕ ಓಡೋದು ಹಾಗೇ.

ಮೂರಡಿ ಬಾಗಿಲಿಗೆ 19 ಇಲ್ಲಾ 21 ಎಲೆ ಸಾಕು, ಬೆಸ ಸಂಖ್ಯೆ ಇರ್ಲಿ, ಒಂದು ಎಲೆ ಸರಿಯಾಗಿ ಮಧ್ಯಕ್ಕೆ ಬರುತ್ತೆ. ಮೇಲಿನ ಪಟ್ಟಿಗೆ ಎರಡೆಳೆ ದಾರದಲ್ಲಿ ಬಾಗಿಲ ಅಗಲಕ್ಕಿಂತ ಒಂದು ಗೇಣು ಜಾಸ್ತಿ ಉದ್ದ ಚೈನ್ ಹಾಕಿ, ಅದರ ಮೇಲೊಂದು ಸಾಲು ಸಿಂಗಲ್, ಎರಡು ತುದೀಲೂ ಮೊಳೆಗೆ ಸಿಗಿಸೋಕೆ ಕುಣಿಕೆ. ಇದಕ್ಕೆ 10 ಗ್ರಾಂ ಹೋಗುತ್ತೆ. ಎಲೆಗಳ ಮಧ್ಯೆ ಐದು ಗೊಂಡೆ ಹಾಕಿದ್ರೆ ಚೆಂಡು ಹೂವಿನ ಥರ ಕಾಣುತ್ತೆ, ಕೇಸರಿ ಹಳದಿ ಎರಡೂ ಎಳೆ ಸೇರಿಸಿ ಸುತ್ತಿ. 6 ಸೆಂಟಿಮೀಟರ್ ರಟ್ಟಿನ ಮೇಲೆ ಜೋಡಿ ಎಳೇಲಿ 60 ಸುತ್ತು, ಅಂದ್ರೆ ಎರಡೂ ಎಳೆ ಸೇರಿ 120, ನಿಧಾನಕ್ಕೆ ರಟ್ಟಿಂದ ಜಾರಿಸಿ ಮಧ್ಯದಲ್ಲಿ ಕಟ್ಟಬೇಕು. ಕಟ್ಟೋಕೆ ಉಲ್ಲನ್ ಬೇಡ, ಬಿಗಿ ಎಳೆದ್ರೆ ಕಿತ್ತುಬರುತ್ತೆ, ಗಟ್ಟಿ ಕಾಟನ್ ದಾರ ತಗೊಳ್ಳಿ, ಇಲ್ಲಿ ಸಡಿಲ ಆಯ್ತು ಅಂದ್ರೆ ಗೊಂಡೆ ಆರು ತಿಂಗಳಿಗೆ ಉದುರೋಕೆ ಶುರು ಆಗುತ್ತೆ. ಎರಡು ಬದಿ ಕತ್ತರಿಸಿ ಗುಂಡಗೆ ಟ್ರಿಮ್ ಮಾಡಿ. ಒಂದು ಗೊಂಡೆಗೆ 6 ಗ್ರಾಂ, ಅಂದ್ರೆ ತೋರಣದಲ್ಲಿ ಅರ್ಧ ತೂಕ ಬರೀ ಗೊಂಡೆದೇ. ದಾರ ಕಮ್ಮಿ ಇದ್ರೆ ಊಟದ ಫೋರ್ಕ್ ಮೇಲೆ 60 ಸುತ್ತು ಸುತ್ತಿ ಚಿಕ್ಕ ಗೊಂಡೆ ಮಾಡಿ, ಒಂದೂವರೆ ಗ್ರಾಂಗೆ ಮುಗಿಯುತ್ತೆ. ಪೂರ್ತಿ ತೋರಣ 60 ಗ್ರಾಂ ಚಿಲ್ಲರೆ, 50 ರೂಪಾಯಿ. ಅಂಗಡೀಲಿ ಇಂಥದ್ದಕ್ಕೆ ಎಷ್ಟು ಕೇಳ್ತಾರೆ ಅಂತ ನೀವೇ ಒಂದ್ಸಲ ವಿಚಾರಿಸಿ ನೋಡಿ.

ಒಂದು ವಿಷ್ಯ ಮಾತ್ರ ದಯವಿಟ್ಟು ಕೇಳಿ, ಉಲ್ಲನ್ ತೋರಣ ಬಾಗಿಲಿಗಷ್ಟೇ ಹಾಕಿ, ದೇವರ ಮಂಟಪದ ಮೇಲೆ ದೀಪದ ಹತ್ರ ಹಾಕ್ಬೇಡಿ. ಆಕ್ರಿಲಿಕ್ ಬೇಗ ಬೆಂಕಿ ಹತ್ಕೊಳ್ಳುತ್ತೆ, ಕರಗಿ ಮೈಮೇಲೆ ಬಿದ್ರೆ ಚರ್ಮಕ್ಕೆ ಅಂಟುತ್ತೆ. ದೀಪಾವಳೀಲಿ ಹೊಸ್ತಿಲ ಮೇಲೆ ಹಣತೆ ಇಡೋರು ಜೋತಾಡೋ ಕುಚ್ಚು ಕೆಳಗೆ ಬರದೇ ಇರೋ ಹಾಗೆ ನೋಡ್ಕೊಳ್ಳಿ, ಗಿಫ್ಟ್ ಕೊಡುವಾಗ್ಲೂ ಇದನ್ನ ಬಾಯಿಬಿಟ್ಟು ಹೇಳಿ.

ಬಾಣಂತಿ ಮನೆಗೆ ಹೋಗುವಾಗ ಕುಲಾವಿ ತಗೊಂಡು ಹೋಗೋದು ನಮ್ಮಲ್ಲಿ ಹಳೇ ಕ್ರಮ, 30 ಗ್ರಾಂ ದಾರದಲ್ಲಿ ಆಗೋ ಕೆಲ್ಸ. ಹುಟ್ಟಿದ ಮಗು ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಹೆಣಿಗೆ ಹಿಗ್ಗೋದ್ರಿಂದ ಕುಲಾವಿ 33 ಇದ್ರೆ ಸರಿ ಕೂರುತ್ತೆ. ನೆತ್ತಿಯಿಂದ ಶುರು ಮಾಡಿ ಮೊದಲ ಸುತ್ತು 12 ಡಬಲ್, ಎರಡನೇದು 24, ಮೂರನೇದು 36 ಹೀಗೆ ಸುತ್ತಿಗೆ 12 ಹೆಚ್ಚಿಸ್ತಾ ಹೋಗಿ, ತಟ್ಟೆ ಥರ ಇರೋ ಆ ಭಾಗದ ಅಗಲ ಹತ್ತೂವರೆ ಸೆಂಟಿಮೀಟರ್ ಆದ ತಕ್ಷಣ ಹೆಚ್ಚಿಸೋದು ನಿಲ್ಲಿಸಿ. ಯಾಕೆ ಹತ್ತೂವರೆ ಅಂದ್ರೆ 33ನ್ನ 3.14ರಿಂದ ಭಾಗಿಸಿ ನೋಡಿ, ಈ ಒಂದು ಲೆಕ್ಕ ಗೊತ್ತಿದ್ರೆ ಯಾವ ಸೈಜ್ ಟೋಪಿ ಬೇಕಾದ್ರೂ ಪ್ಯಾಟರ್ನ್ ಇಲ್ದೆ ಹೆಣೆಯಬಹುದು. ಆಮೇಲೆ ಹೆಚ್ಚಿಸದೆ ನೇರ ಸುತ್ತುಗಳು, ನೆತ್ತಿಯಿಂದ ಅಂಚಿಗೆ 13-14 ಸೆಂಟಿಮೀಟರ್ ಬರೋ ತನಕ. ಗದ್ದದ ಕೆಳಗೆ ಕಟ್ಟೋ ಲಾಡಿ ಹಾಕ್ಬೇಡಿ, ಹಳಬರು ಹಾಕ್ತಿದ್ರು ನಿಜ ಆದ್ರೆ ಕುತ್ತಿಗೆಗೆ ಸುತ್ತಿಕೊಳ್ಳೋ ಭಯ ಇರುತ್ತೆ, ಮಣಿ ಗೊಂಡೆನೂ ಬೇಡ ಬಾಯಿಗೆ ಹೋಗುತ್ತೆ. ಕಾಲ್ಚೀಲ ಹೆಣೆದ್ರೆ ಒಳಗಡೆ ಒಂದು ಎಳೆನೂ ಬಿಡಿಯಾಗಿ ಇರಬಾರ್ದು, ಸಡಿಲ ದಾರ ಮಗು ಬೆರಳಿಗೆ ಸುತ್ತಿ ರಕ್ತ ಓಡಾಟ ನಿಲ್ಲಿಸೋದು ಉಂಟು, ಮಗು ಅಳ್ತಾ ಇದ್ರೂ ಯಾಕೆ ಅಂತ ಗೊತ್ತಾಗಲ್ಲ. ಕೊನೇ ದಾರಗಳನ್ನೆಲ್ಲಾ ಹೊರಮೈ ಕಡೆಗೇ ಸೂಜೀಲಿ ಹೊಲಿದು ಮುಚ್ಚಿ. ಒಂದು ಸಲ ಒಗೆದು ಒಣಗಿಸಿಯೇ ಕೊಡಿ, ಮಗು ಮಲಗಿದಾಗ ತೆಗೀರಿ ಅಂತ ಹೇಳಿ ಕೊಡಿ.

ಹೊಸ ದಾರಕ್ಕೆ ದುಡ್ಡೇ ಇಲ್ಲ ಅಂದ್ರೆ ಮನೇಲಿರೋ ಹಳೇ ಸ್ವೆಟರ್ ಬಿಚ್ಚಿ. ಆದ್ರೆ ಎಲ್ಲಾ ಸ್ವೆಟರೂ ಬಿಚ್ಚೋಕೆ ಬರಲ್ಲ, ಒಳಗೆ ತಿರುಗಿಸಿ ಪಕ್ಕದ ಹೊಲಿಗೆ ನೋಡಿ, ಅಂಚು ಕತ್ತರಿಸಿ ಓವರ್‌ಲಾಕ್ ಹೊಡೆದಿದ್ರೆ ಬಿಟ್ಟುಬಿಡಿ, ಪ್ರತಿ ಸಾಲಿಗೂ ತುಂಡು ತುಂಡಾಗಿ ಬರುತ್ತೆ. ಅಂಚು ಕತ್ತರಿಸದೆ ಎರಡು ಭಾಗ ಸೇರಿಸಿ ಹೊಲಿದಿದ್ರೆ ಚಿನ್ನ, ಹೊಲಿಗೆ ಬಿಚ್ಚಿ ಮೇಲಿಂದ ಎಳೀತಾ ಹೋದ್ರೆ ಒಂದೇ ದಾರ ಬರುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ ನೆರಳಲ್ಲಿ ನೇತುಹಾಕಿ, ಕೆಳಗೊಂದು ಸಣ್ಣ ಭಾರ ಕಟ್ಟಿ. ಉಣ್ಣೆ ಆದ್ರೆ ಸುಕ್ಕು ಹೋಗಿ ನೇರ ಆಗುತ್ತೆ, ಆಕ್ರಿಲಿಕ್ ಸುಕ್ಕು ಅಷ್ಟು ಸುಲಭಕ್ಕೆ ಹೋಗಲ್ಲ, ಅದನ್ನ ಗೊಂಡೆಗೆ ಇಟ್ಕೊಳ್ಳಿ, ಸುಕ್ಕು ದಾರದ ಗೊಂಡೆ ಇನ್ನೂ ತುಂಬ್ಕೊಂಡು ಬರುತ್ತೆ.

ಹಳೇ ಕಾಟನ್ ಟೀಶರ್ಟೂ ದಾರನೇ. ಕಂಕುಳಿಂದ ಕೆಳಗಿನ ಮೈ ಭಾಗ ಮಾತ್ರ ತಗೊಂಡು ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಸುತ್ತು ಸುತ್ತಾಗಿ ಒಂದೇ ಪಟ್ಟಿ ಬರೋ ಹಾಗೆ ಕತ್ತರಿಸಿ ಎಳೆದ್ರೆ ಅಂಚು ತಾನೇ ಒಳಗೆ ಸುರುಳಿ ಆಗುತ್ತೆ. ಮೂರು ಪಟ್ಟಿ ಸೇರಿಸಿ ಜಡೆ ಹೆಣೆದು ಆ ಜಡೆನ ಸುತ್ತಿ ಹೊಲಿದ್ರೆ ಕಾಲೊರೆಸು, ನಾಲ್ಕೈದು ಟೀಶರ್ಟ್ ಬೇಕು. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ ಪದರ ಪದರ ಇಟ್ಟು ಕೌದಿ ಹೊಲೀತಾರಲ್ಲ, ಅದೇ ಮನಸ್ಸಿನ ಕೆಲ್ಸ ಇದು. ತೀರಿಹೋದವರ ಬಟ್ಟೆ ಬಿಸಾಕೋಕೆ ಮನಸ್ಸು ಬರದೆ ಇಟ್ಕೊಂಡಿರೋರಿಗೆ ಕಾಲೊರೆಸು ಮಾಡ್ಬೇಡಿ, ಚಿಕ್ಕ ಕೂರೋ ಚಾಪೆ ಮಾಡಿಕೊಡಿ.

ಕಾಟನ್ ದಾರದ ಕೋಸ್ಟರ್, ಆರತಿ ತಟ್ಟೆ ಕೆಳಗಿನ ಮ್ಯಾಟ್ ಇಂಥದ್ದು ಸೊಟ್ಟಗಾಗ್ತಿದ್ರೆ ತೆಳ್ಳಗೆ ಕಾಸಿದ ಸಬ್ಬಕ್ಕಿ ಗಂಜೀಲಿ ಅದ್ದಿ ಹಿಂಡಿ, ಥರ್ಮಾಕೋಲ್ ಮೇಲೆ ಗುಂಡುಸೂಜಿ ಚುಚ್ಚಿ ಆಕಾರಕ್ಕೆ ಎಳೆದು ಒಣಗಿಸಿ, ಗರಿಗರಿ ಆಗುತ್ತೆ. ಎತ್ತಿಡುವಾಗ ಮಾತ್ರ ಗಂಜಿ ಒಗೆದು ಎತ್ತಿಡಿ, ಇಲ್ಲಾಂದ್ರೆ ಜಿರಲೆ ಬರುತ್ತೆ. ಕೆಂಪು ಕಾಟನ್ ದಾರ ಬಿಳಿ ಜೊತೆ ಸೇರಿಸೋ ಮುಂಚೆ ಒಂದು ತುಂಡು ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ, ಬಣ್ಣ ಬಿಟ್ರೆ ಸೇರಿಸ್ಬೇಡಿ.

ಕೆಲವರು ದಾರ ತಂದುಕೊಟ್ಟು, ನಿಂಗೆ ಬರುತ್ತಲ್ಲ ಸುಮ್ನೆ ಹತ್ತು ತೋರಣ ಮಾಡ್ಕೊಡು ಅಂತಾರೆ. ಒಂದು ತೋರಣಕ್ಕೆ ಆರೇಳು ಗಂಟೆ ಬೇಕು ಅಂತ ನಾನು ಈಗ ನೇರವಾಗಿ ಹೇಳ್ತೀನಿ, ಕಲೀಬೇಕು ಅಂದ್ರೆ ಬನ್ನಿ ಪಕ್ಕದಲ್ಲಿ ಕೂತ್ಕೊಂಡು ಹೇಳ್ಕೊಡ್ತೀನಿ ಅಂತೀನಿ, ಹೀಗೆ ಬಂದು ಎಲೆ ಹಾಕೋದು ಕಲಿತವರು ನಮ್ಮ ಬೀದೀಲೇ ಮೂರು ಜನ ಇದ್ದಾರೆ.

ಉಳಿದ ಉಂಡೆಗಳಿಗೆ ಲೇಬಲ್ ಜೊತೆಗೇ ಒಂದು ಚೀಟಿ ಕಟ್ಟಿ, ಎಷ್ಟು ಗ್ರಾಂ ಉಳಿದಿದೆ ಅಂತ ಬರೆದಿಡಿ. 5 ಗ್ರಾಂ ಇದ್ರೆ ಒಂದು ಹುರಿ ಕುಚ್ಚು, ಒಂದೂವರೆ ಇದ್ರೆ ಫೋರ್ಕ್ ಗೊಂಡೆ, ಒಂದು ಗ್ರಾಂ ಇದ್ರೆ ಒಂದು ಎಲೆ, ಅದನ್ನ ಮಕ್ಕಳ ಪುಸ್ತಕದಲ್ಲಿ ಪುಟ ಗುರುತಿಗೆ ಇಡಿ. ಗೊಂಡೆ ಟ್ರಿಮ್ ಮಾಡಿದ ಚೂರು, ಕತ್ತರಿಸಿದ ತುದಿ ಎಲ್ಲಾ ಒಂದು ಹಾಲಿನ ಕವರಲ್ಲಿ ತುಂಬ್ತಾ ಬನ್ನಿ, ಕವರ್ ತುಂಬಿದಾಗ ಸೂಜಿ ಚುಚ್ಚೋ ದಿಂಬು ಒಂದಕ್ಕೆ ಸರಿಯಾಗುತ್ತೆ.